ಮುಟ್ಟದ ಸಲಾಮು

ಕೃಷ್ಣಾ ನದಿಯ ದಂಡೆಯ ಮೇಲೆ ಹಜರತ್ ಯೂಸುಫ್ ಶಾ ಎಂಬ ಗುರುಗಳಿದ್ದರು. ಅವರ ಮಸೀದಿ ಚಿಕ್ಕದು, ನಗು ಮಾತ್ರ ದೊಡ್ಡದು.

ಅವರ ಹತ್ತಿರ ಇಬ್ಬರು ಶಿಷ್ಯರು, ಮೌಲಾಲಿ ಮತ್ತು ಲಾಲೇಸಾಬ.

ಮೌಲಾಲಿ ಬಲು ಚುರುಕು. ಒಮ್ಮೆ ಕೇಳಿದ್ದು ಅವನ ತಲೆಯಿಂದ ಅಳಿಯುತ್ತಿರಲಿಲ್ಲ. ಲಾಲೇಸಾಬ ನಿಧಾನದವನು. ಬೆಳಿಗ್ಗೆ ಕಲಿತದ್ದು ಮಧ್ಯಾಹ್ನಕ್ಕೆ ಮಾಯ. ಆದರೆ ಕಂಠವನ್ನು ಮಾತ್ರ ದೇವರು ಅವನಿಗೆ ಕೈಬಿಚ್ಚಿ ಕೊಟ್ಟಿದ್ದ. ನಮಾಜಿಗೆ ಬನ್ನಿ ಎಂದು ಅವನು ಬಾಂಗು ಕೂಗಿದರೆ ಆಚೆ ದಂಡೆಯ ಹೊಲದಲ್ಲಿದ್ದವರೂ ಕುಡುಗೋಲು ಕೆಳಗಿಟ್ಟು ಕಿವಿಗೊಡುತ್ತಿದ್ದರು.

ಇಬ್ಬರೂ ಒಂದೇ ಚಾಪೆಯ ಮೇಲೆ ಮಲಗುವವರು, ಒಂದೇ ತಾಟಿನಲ್ಲಿ ಉಣ್ಣುವವರು. ಲಾಲೇಸಾಬನಿಗೆ ಪಾಠ ಹೇಳಿಕೊಡುವವನು ಮೌಲಾಲಿಯೇ. ಹೇಳಿದ್ದನ್ನೇ ಮತ್ತೆ ಹೇಳಬೇಕಾದಾಗ ಬೈಯುತ್ತಿದ್ದ. ಬೈದ ಮೇಲೆ ಸುಮ್ಮನಿರಲಾಗದೆ ಅವನನ್ನು ಈಜಲು ಕರೆದುಕೊಂಡು ಹೋಗುತ್ತಿದ್ದ.

ಆ ವರ್ಷ ರಂಜಾನ್ ಮಳೆಗಾಲದಲ್ಲಿ ಬಂತು. ಆಚೆ ದಂಡೆಯ ಊರಿನ ಹಿರಿಯರಾದ ಗೌಸ್ ಪಟೇಲರು ಹರಿಗೋಲಿನಲ್ಲಿ ನದಿ ದಾಟಿ ಹಜರತರನ್ನು ಕಾಣಲು ಬಂದರು.

"ನಮ್ಮ ಮಸೀದಿಗೆ ಒಬ್ಬ ಇಮಾಮ ಬೇಕಾಗ್ಯಾನ್ರಿ ಹಜರತ್. ಮುಂದ ನಿಂತು ನಮಾಜು ಮಾಡಸ್ಬೇಕು. ಹುಡುಗರಿಗೆ ದೀನಿಂದು, ಧರ್ಮದ್ದು ನಾಕ ಮಾತು ಕಲಿಸ್ಬೇಕು."

"ಮೌಲಾಲಿ ಅದಾನಲ್ಲ. ನೀವ ಮಾತಾಡ್ಸಿ ನೋಡ್ರಿ" ಎಂದರು ಹಜರತರು.

ಪಟೇಲರು ಮೌಲಾಲಿಯ ಕಡೆ ತಿರುಗಿದರು. "ಹುಡುಗರಿಗೆ ಏನ ಕಲಿಸ್ತಿಪಾ?"

"ದೇವರು ಒಬ್ಬನ ಅಂತ ಮೊದಲ ಕಲಿಸ್ತೀನ್ರಿ. ಅವನ ದೂತರಾದ ಫರಿಶ್ತೆಗಳು, ಅವ ಕೊಟ್ಟ ಕಿತಾಬುಗಳು, ಅವ ಕಳಿಸಿದ ಪೈಗಂಬರರು, ಎಲ್ಲಾರೂ ಎದ್ದು ಉತ್ತರ ಕೊಡೂ ಆ ಕಡೀ ದಿನ, ಅವ ಬರದ ಹಣೇಬರಹ, ಇಷ್ಟನ್ನ ಮನಸಿನ್ಯಾಗ ನಂಬಬೇಕು. ಬಾಯಿಲೆ ಕಲ್ಮಾ ಹೇಳ್ಬೇಕು. ದಿನಾ ಐದ ಹೊತ್ತು ನಮಾಜು, ರಂಜಾನಿನ್ಯಾಗ ಹಗಲೆಲ್ಲಾ ಉಪಾಸದ ರೋಜಾ, ಇದ್ದದ್ರಾಗ ಬಡವರಿಗೆ ಜಕಾತು. ಶಕ್ತಿ ಇದ್ರ ಜೀವನದಾಗ ಒಮ್ಮೆ ಹಜ್."

ಎಲ್ಲೂ ತಡವರಿಸಲಿಲ್ಲ. ಪಟೇಲರು ತಲೆದೂಗಿದರು.

"ಭೇಷ್! ಇವತ್ತ ಸಂಜೀಕ ನಿಮ್ಮ ಕೂಡನ ರೋಜಾ ಬಿಟ್ಟು ಹೋಗ್ತೀನ್ರಿ" ಎಂದು ಅಲ್ಲೇ ಕೂತರು.

ಮೌಲಾಲಿಯ ಕಾಲು ನೆಲದ ಮೇಲಿರಲಿಲ್ಲ. ಅವನಿಗದು ಬಹಳ ದಿನದ ಆಸೆ. ತನ್ನದೇ ಒಂದು ಮಸೀದಿ, ಹಿಂದೆ ಸಾಲುಗಟ್ಟಿ ನಿಂತ ಜನ, ಮುಂದೆ ತಾನು.

ಸಂಜೆಯಾಗುತ್ತ ಮೋಡ ದಟ್ಟವಾಯಿತು. ಆ ಸೀಮೆಗೆ ಗಡಿಯಾರ ಇನ್ನೂ ಬಂದಿರಲಿಲ್ಲ. ಹೊತ್ತು ಮುಳುಗಿದ್ದನ್ನು ಕಣ್ಣಾರೆ ನೋಡಿ ಬಾಂಗು ಕೂಗಬೇಕು, ಆ ಕೂಗು ಕೇಳಿ ಊರೆಲ್ಲ ರೋಜಾ ಬಿಡಬೇಕು.

ಜೈತುನಬಿ ಎಂಬ ಮುದುಕಿ ಗಂಜಿಯ ಗಡಿಗೆ ತಂದಿಟ್ಟಳು. ಬೆಳಗಿನಿಂದ ಹನಿ ನೀರೂ ಕುಡಿಯದ ಜನ ಖರ್ಜೂರ ಕೈಯಲ್ಲಿ ಹಿಡಿದು ಕಾಯುತ್ತ ಕೂತರು.

ಲಾಲೇಸಾಬ ಕಲ್ಲಿನ ಕಟ್ಟೆ ಹತ್ತಿ ಪಡುವಣಕ್ಕೆ ನೋಡಿದ. ಎಲ್ಲ ಕಪ್ಪು. ಅವನಿಗೆ ಏನೂ ತಿಳಿಯಲಿಲ್ಲ. ಕೆಳಗೆ ಕೂತಿದ್ದ ಮೌಲಾಲಿಯ ಕಡೆ ಬಗ್ಗಿ ಮೆಲ್ಲಗೆ ಕೇಳಿದ.

"ಮೌಲಾಲಿ, ಹೊತ್ತು ಮುಳುಗಿತೇನೋ?"

ಮೌಲಾಲಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು, ತಲೆ ತುಂಬ ಪಟೇಲರ ಊರಿತ್ತು. ಆಕಾಶದ ಕಡೆ ನೋಡಿದಂತೆ ಮಾಡಿ ಗೋಣು ಹಾಕಿದ. ಅದನ್ನು ಬೇರೆ ಯಾರೂ ಗಮನಿಸಲಿಲ್ಲ.

ಲಾಲೇಸಾಬ ಕಿವಿಗೆ ಕೈಯಿಟ್ಟು ಬಾಂಗು ಕೂಗಿದ. ಎಲ್ಲರೂ ದೇವರ ಹೆಸರು ಹೇಳಿ ಖರ್ಜೂರ ಬಾಯಿಗೆ ಹಾಕಿಕೊಂಡರು. ಹಜರತರೂ ಹಾಕಿಕೊಂಡರು.

ಅಷ್ಟರಲ್ಲಿ ಗಾಳಿ ಎದ್ದಿತು. ಮೋಡ ಸರಿಯಿತು. ನೋಡಿದರೆ ಸೂರ್ಯ ಇನ್ನೂ ನದಿಯ ಮೇಲೆ ಆರಾಮವಾಗಿ ಕೂತಿದ್ದಾನೆ!

"ಯಾ ಅಲ್ಲಾ!" ಎಂದಳು ಜೈತುನಬಿ. ಬಾಯಲ್ಲಿದ್ದ ಗಂಜಿಯನ್ನು ಉಗುಳಬೇಕೋ ನುಂಗಬೇಕೋ ಅವಳಿಗೆ ತಿಳಿಯದಾಯಿತು.

ಹಜರತರು ಖರ್ಜೂರವನ್ನು ಅಂಗೈಗೆ ತೆಗೆದು, ಎದ್ದು ಹೋಗಿ ನದಿಯಲ್ಲಿ ಬಾಯಿ ಮುಕ್ಕಳಿಸಿ ಬಂದು ಸುಮ್ಮನೆ ಕೂತರು. ಊರೆಲ್ಲ ಲಾಲೇಸಾಬನನ್ನು ನೋಡಿತು. ಲಾಲೇಸಾಬ ಮೌಲಾಲಿಯನ್ನು ನೋಡಿದ.

ಪಟೇಲರ ಕಣ್ಣೂ ಅತ್ತಲೇ ಹೊರಳಿತು. ಯೋಚಿಸುವ ಮೊದಲೇ ಮೌಲಾಲಿಯ ಬಾಯಿಂದ ಮಾತು ಹೊರಬಿದ್ದಿತ್ತು.

"ಲೇ ಲಾಲ್ಯಾ, ಕಣ್ಣ ಕಾಣ್ಸೂದಿಲ್ಲೇನು ನಿನಗ? ಊರ ಮಂದಿ ರೋಜಾ ಎಲ್ಲಾ ಕೆಡಿಸಿದೆಲ್ಲೋ! ತಲಿಯಾಗ ಏನೂ ನಿಲ್ಲಲಾರದವಗ ಬಾಂಗು ಯಾಕ ಬೇಕಿತ್ತು?"

ಲಾಲೇಸಾಬ ಬಾಯಿ ತೆರೆದ. ನೀನೇ ಅಲ್ಲವೇನೋ ಗೋಣು ಹಾಕಿದವನು ಎನ್ನಬಹುದಿತ್ತು. ಅನ್ನಲಿಲ್ಲ. ಬಾಯಿ ಮುಚ್ಚಿ ಕಟ್ಟೆಯಿಂದ ಇಳಿದ.

"ಹುಡುಗ ಖಡಕ್ ಅದಾನ" ಎಂದರು ಪಟೇಲರು. "ದೀನಿನ ಮಾತು ಬಂದ್ರ ದೋಸ್ತಿ ನೋಡಲಿಲ್ಲ. ಇಂಥವನ ಬೇಕು ನಮ್ಮೂರಿಗೆ."

ಆಮೇಲೆ ಹೊತ್ತು ನಿಜವಾಗಿಯೂ ಮುಳುಗಿದಾಗ ಲಾಲೇಸಾಬ ಕಟ್ಟೆ ಹತ್ತಲಿಲ್ಲ. ಮೌಲಾಲಿ ತಾನೇ ಕಟ್ಟೆ ಹತ್ತಿ ಬಾಂಗು ಕೂಗಿದ.

ಮರುದಿನವೂ ಲಾಲೇಸಾಬ ಕಟ್ಟೆ ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ನಮಾಜಿಗೆ ಎಲ್ಲರ ಹಿಂದಿನ ಸಾಲಿನಲ್ಲಿ ನಿಂತ. ಮಲಗಲು ಇನ್ನೊಂದು ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡ. ಬೇರೆ ಬಟ್ಟಲಲ್ಲಿ ಉಂಡ.

ಮೌಲಾಲಿಯ ತಾಟಿನಲ್ಲಿ ಅರ್ಧ ಊಟ ಹಾಗೇ ಉಳಿಯತೊಡಗಿತು. ಒಂದು ದಿನ ಹಜರತರ ಹತ್ತಿರ ಹೋಗಿ ಕೂತ.

"ಹಜರತ್, ಹೊತ್ತಿಗೆ ಮುಂಚೆ ತಿಂದ್ರ ಆ ರೋಜಾ ಹೋದಂಗಲ್ರಿ?"

"ಹೌದು. ಈದ್ ಆದಮ್ಯಾಲೆ ಅದರ ಬದ್ಲಿ ಇನ್ನೊಂದು ರೋಜಾ ಹಿಡದ್ರ ಆತು. ನಿನಗ ಗೊತ್ತಿದ್ದದ್ದ ಐತಲ್ಲ."

"ಹಂಗಾದ್ರ ನಾ ಲಾಲ್ಯಾಗ ಹೇಳಿದ್ದು ತಪ್ಪಲ್ಲಲ್ರಿ?"

"ನೀ ರೋಜಾದ ಮಾತು ಕೇಳಿದಿ, ಅದಕ್ಕ ಹೇಳಿದೆ. ಅವನ ಮನಸಿನ ಮಾತು ನನಗೇನ ಗೊತ್ತು?"

"ಅವನ ಮಾತು ಯಾರಿಗೆ ಗೊತ್ತಿರತೈತ್ರಿ?"

"ಹೋಗು, ಕೊಡ ತುಂಬ್ಕೊಂಡು ಬಾ. ನಮಾಜಿನ ಹೊತ್ತಾತು, ಕೈಕಾಲು ತೊಳೀಬೇಕು" ಎಂದು ಹಜರತರು ಎದ್ದರು.

ಈದ್ ಹತ್ತಿರ ಬಂತು. ಇವತ್ತು ಸಂಜೆ ಬಂದು ಮಾತು ಗಟ್ಟಿ ಮಾಡಿಕೊಂಡು ಹೋಗುತ್ತೇನೆಂದು ಪಟೇಲರು ಹೇಳಿ ಕಳಿಸಿದರು.

ಅಂದು ಇಳಿಹೊತ್ತಿನ ನಮಾಜಿಗೆ ಜನ ಸಾಲು ಹಿಡಿದರು. ಹಜರತರು ಎಂದಿನಂತೆ ಒಬ್ಬೊಬ್ಬರ ಹೆಗಲು ಮುಟ್ಟಿ ಸಾಲು ನೇರ ಮಾಡುತ್ತ ಬಂದರು. ಹಿಂದಿನ ಸಾಲಿನಿಂದ ಲಾಲೇಸಾಬನ ಕೈ ಹಿಡಿದು ಕರೆತಂದು ಮೌಲಾಲಿಯ ಬಲಕ್ಕೆ ನಿಲ್ಲಿಸಿದರು. ಇಬ್ಬರ ನಡುವೆ ಸಂದು ಉಳಿದಿತ್ತು. ಅದನ್ನೂ ಅಂಗೈಯಿಂದ ಒತ್ತಿ ಮುಚ್ಚಿದರು. ಹೆಗಲಿಗೆ ಹೆಗಲು ತಾಗಿತು. ನಮಾಜಿನಲ್ಲಿ ಹಾಗೆಯೇ ನಿಲ್ಲಬೇಕು.

ನಿಂತರು, ಬಾಗಿದರು, ನೆಲಕ್ಕೆ ಹಣೆ ಹಚ್ಚಿದರು. ಕೊನೆಗೆ ಕೂತು, ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ ಮುಖ ತಿರುಗಿಸಿ ಸಲಾಮು ಹೇಳಿದರು. ನಿಮ್ಮ ಮೇಲೆ ಶಾಂತಿ ಇರಲಿ, ದೇವರ ದಯೆ ಇರಲಿ. ಅಲ್ಲಿಗೆ ನಮಾಜು ಮುಗಿಯಿತು.

ಲಾಲೇಸಾಬ ಎದ್ದು ಹೊರಗೆ ಹೋದ. ಹಜರತರು ಮೌಲಾಲಿಯನ್ನು ಕರೆದರು.

"ಸಲಾಮು ಹೇಳಿದಿಯೇನಪಾ?"

"ಹೇಳಿದ್ನಿ ಹಜರತ್."

"ಯಾರಿಗೆ?"

"ಬಲಕ್ಕ ಎಡಕ್ಕ ಇರೂ ಫರಿಶ್ತೆಗಳಿಗೆ. ಬಾಜೂಕ ಕುಂತ ನಮಾಜಿಗಳಿಗೆ."

"ಬಲಕ್ಕ ಯಾರ ಕುಂತಿದ್ರು?"

ಮೌಲಾಲಿ ನೆಲ ನೋಡಿದ. "ಲಾಲ್ಯಾರಿ."

"ಮುಟ್ಟಿತೇನು ಕೇಳ್ಕೊಂಡು ಬಾ."

ಲಾಲೇಸಾಬ ನದಿಯ ದಂಡೆಯಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಬಟ್ಟೆಯ ಗಂಟು.

"ಲಾಲ್ಯಾ, ನಮಾಜಿನ ಕಡೀಕ ನಾ ಸಲಾಮು ಹೇಳಿದ್ನೆಲ್ಲ, ನಿನಗ ಮುಟ್ಟಿತೇನು? ಹಜರತರು ಕೇಳ್ಕೊಂಡು ಬಾ ಅಂದಾರ."

"ಅವ್ರು ಕಳಿಸ್ಯಾರಂತ ಬಂದಿ."

"ಮುಟ್ಟಿತೋ ಇಲ್ಲೋ ಹೇಳೋ."

"ಬಾಯಿ ನನ್ನ ಕಡೆ ತಿರುಗಿತ್ತು. ಕಣ್ಣು ಚಾಪಿ ನೋಡ್ತಿದ್ದುವು. ಮುಟ್ಟಲಿಲ್ಲಪಾ."

ಮೌಲಾಲಿ ಗಂಟಿನ ಕಡೆ ಕೈ ಮಾಡಿದ. "ಇದ್ಯಾಕ?"

"ಹರಿಗೋಲು ಬರ್ತೈತಿ. ನಮ್ಮೂರಿಗೆ ಹೊಂಟೀನಿ."

"ಹುಚ್ಚ ಹಿಡದೈತೇನು? ಈದ್ ಹಬ್ಬದ ದಿನ ನಮಾಜಿಗೆ ಬಾಂಗು ಯಾರ ಕೂಗಬೇಕು?"

"ಈದ್ ಹಬ್ಬದ ನಮಾಜಿಗೆ ಬಾಂಗು ಇರೂದಿಲ್ಲ. ನೀನ ಕಲಿಸಿದ್ದಿ."

ಮೌಲಾಲಿಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ವರ್ಷದಲ್ಲಿ ಇವನ ತಲೆಯಲ್ಲಿ ನಿಂತ ಪಾಠ ಇದೊಂದೇ. ಅದು ಇವತ್ತೇ ನೆನಪಾಗಬೇಕಿತ್ತೆ!

"ಅವತ್ತ ನೀ ಯಾಕ ಹೇಳಲಿಲ್ಲ? ಗೋಣು ಹಾಕಿದವ ನಾನ ಅಂತ?"

"ಪಟೇಲರು ಕುಂತಿದ್ರು" ಎಂದ ಲಾಲೇಸಾಬ. "ನಿನಗ ಆ ಊರ ಸಿಗಬೇಕಿತ್ತು."

ಮೌಲಾಲಿ ಆ ಗಂಟನ್ನು ಮತ್ತೊಮ್ಮೆ ನೋಡಿದ. ಹಿಂದಿರುಗಿ ಬಂದ.

"ಮುಟ್ಟಿತಂತೇನು?" ಎಂದರು ಹಜರತರು.

"ಇಲ್ಲಂತ್ರಿ."

"ಸಲಾಮಿನಿಂದ ಅಲ್ಲೇನು ನಮಾಜು ಮುಗಿಯೂದು?"

"ಹೌದ್ರಿ."

"ಶರಾದ ಕಾನೂನಿನ ಪ್ರಕಾರ ಎಲ್ಲಾರದೂ ಮುಗೀತು. ನಿಂದ ಮುಗಿದಿಲ್ಲ. ನೀ ಇನ್ನೂ ನಮಾಜಿನ್ಯಾಗ ಅದಿ."

"ಹಜರತ್, ನಾನು…"

ಹಜರತರು ತುಟಿಯ ಮೇಲೆ ಬೆರಳಿಟ್ಟರು. "ನಮಾಜಿನ್ಯಾಗ ಮಾತಾಡಬಾರದು."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಮೌಲಾಲಿ ಅಲ್ಲೇ ಕಂಬಕ್ಕೆ ಒರಗಿ ಕೂತ. ಜೈತುನಬಿ ಕಸಬರಿಗೆ ಹಿಡಿದು ಅವನ ಮುಂದಿನಿಂದಲೇ ಹೊರಟಳು.

"ಅಲ್ಲಿಂದ ಹಾಯಬ್ಯಾಡವಾ!" ಎಂದರು ಹಜರತರು. "ನಮಾಜು ಮಾಡಾವ್ರ ಮುಂದ ಹಾಯಬಾರದು."

"ಕಂಬಕ್ಕ ಆತು ಕುಂತಾನಲ್ರಿ?"

"ಕುಂತ ಮಾಡಾಕತ್ಯಾನ."

ಜೈತುನಬಿ ಗೊಣಗುತ್ತ ಸುತ್ತುಹಾಕಿ ಹೋದಳು. ನೀರು ಹೊತ್ತು ತರುವವನೂ ಸುತ್ತುಹಾಕಿ ಹೋದ. ಮೌಲಾಲಿ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಹಜರತರಂತೂ ಅವನ ಕಡೆ ನೋಡಿ ಮುಗುಳ್ನಕ್ಕು ತಮ್ಮ ತಸ್ಬಿಯ ಮಣಿ ಎಣಿಸತೊಡಗಿದರು.

ಸ್ವಲ್ಪ ಹೊತ್ತಿಗೆ ಮೌಲಾಲಿ ತಡೆಯಲಾರದೆ ಎದ್ದು ನದಿಗೆ ಓಡಿದ. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡ. ಕಲ್ಲಿನ ಹಿಂದೆ ನಿಂತು ಗಡಬಡಿಸಿ ಹೇಳಿದ.

"ಅಸ್ಸಲಾಮು ಅಲೈಕುಮ್, ಲಾಲ್ಯಾ."

ಸಲಾಮು ಬಂದರೆ ತಿರುಗಿ ಹೇಳಲೇಬೇಕು. ಲಾಲೇಸಾಬ ನೀರು ನೋಡುತ್ತಲೇ "ವಾಲೈಕುಮ್ ಸಲಾಂ" ಎಂದ.

ಮೌಲಾಲಿ ಏದುಸಿರು ಬಿಡುತ್ತ ಬಂದು ನಿಂತ. "ಆತ್ರಿ ಹಜರತ್! ಅವ ತಿರುಗಿ ಹೇಳಿದ!"

"ಗಂಟು ಬಿಚ್ಚಿದನೇನು?"

"ಇಲ್ರಿ."

"ನೀ ಹೇಳೂ ಮುಂದ ಯಾರಾದ್ರೂ ಇದ್ರೇನು ಅಲ್ಲೆ?"

"ಯಾರೂ ಇರಲಿಲ್ರಿ."

"ಬೈದದ್ದು ಊರ ಮುಂದ, ಸಲಾಮು ಕದ್ದು. ಹೊಳ್ಯಾಗ ಬಿದ್ದು ಹರಕೊಂಡು ಹೋತು ಅದು." ಹಜರತರು ಮತ್ತೆ ತುಟಿಯ ಮೇಲೆ ಬೆರಳಿಟ್ಟರು.

ಆಗ ಮೌಲಾಲಿಗೆ ಬೆವರಿಳಿಯಿತು. ಊರ ಮುಂದೆ ಹೇಳಬೇಕೆಂದರೆ ಪಟೇಲರ ಮುಂದೆಯೂ ಹೇಳಬೇಕು. ಹೇಳಿದರೆ ಆ ಊರು ಕೈಬಿಟ್ಟು ಹೋಗುತ್ತದೆ. ಹೇಳದಿದ್ದರೆ ಲಾಲ್ಯಾ ಹೋಗುತ್ತಾನೆ.

ಹರಿಗೋಲು ಬಂತು. ರೋಜಾ ಬಿಟ್ಟ ಮೇಲೆ ತಿರುಗಿ ಹೊರಡೋಣ ಎಂದು ಅಂಬಿಗ ಅದನ್ನು ಎಳೆದು ಕಟ್ಟಿದ. ಪಟೇಲರು ಇಳಿದು ನಗುನಗುತ್ತ ಬಂದರು.

"ಎಲ್ಲಿ ನಮ್ಮ ಇಮಾಮ? ಎರಡು ಮಾತು ಆಡಬೇಕಿತ್ತು."

"ನಮಾಜಿನ್ಯಾಗ ಅದಾನ್ರಿ. ಮುಗೀಲಿ" ಎಂದರು ಹಜರತರು.

ಪಟೇಲರು ನೋಡಿದರು. ಮೌಲಾಲಿ ಕಂಬಕ್ಕೆ ಒರಗಿ, ಕಣ್ಣು ಬಿಟ್ಟುಕೊಂಡು, ಬೆವರು ಒರೆಸಿಕೊಳ್ಳುತ್ತ ಕೂತಿದ್ದ.

"ಇದೆಂಥಾ ನಮಾಜ್ರಿ?"

"ಬಾಳ ಕಠಿಣ ಐತ್ರಿ. ಎಲ್ಲಾ ಆಗೇತಿ, ಸಲಾಮಿನ ಹತ್ರ ಬಂದು ಸಿಕ್ಕೊಂಡಾನ."

ಪಟೇಲರಿಗೆ ತಲೆಬುಡ ತಿಳಿಯಲಿಲ್ಲ. ಹಜರತರ ಮಾತು ಯಾವಾಗಲೂ ಹೀಗೇ ಎಂದುಕೊಂಡು ಸುಮ್ಮನಾದರು.

ಸಂಜೆ ಆಕಾಶ ತೊಳೆದಿಟ್ಟಂತಿತ್ತು. ಜನ ಕಟ್ಟೆಯ ಸುತ್ತ ಕೂತರು. ಲಾಲೇಸಾಬನೂ ಗಂಟು ಬಗಲಲ್ಲಿಟ್ಟುಕೊಂಡು ಅಂಚಿನಲ್ಲಿ ಕೂತ. ಜೈತುನಬಿ ಎಲ್ಲರ ಕೈಗೂ ಖರ್ಜೂರ ಇಡುತ್ತ ಮೌಲಾಲಿಯವರೆಗೆ ಬಂದಳು.

"ಅವಗ ಬ್ಯಾಡವಾ" ಎಂದರು ಹಜರತರು. "ನಮಾಜಿನ್ಯಾಗ ತಿನ್ನಬಾರದು."

"ಇಳಿಹೊತ್ತಿನಿಂದ ಇನ್ನೂ ಮುಗೀವಲ್ದೇನ್ರಿ? ಎಷ್ಟು ಉದ್ದಂದಪಾ ಇದು!"

ಎಲ್ಲರೂ ನಕ್ಕರು. ಹಜರತರೂ ನಕ್ಕರು. ಲಾಲೇಸಾಬನ ತುಟಿಯ ಅಂಚೂ ಒಂಚೂರು ಅಲುಗಿತು. ಮೌಲಾಲಿ ಅದನ್ನು ನೋಡಿದ. ಎಷ್ಟು ದಿನವಾಗಿತ್ತು ಆ ಮುಖದಲ್ಲಿ ಅಷ್ಟು ಕಂಡು! ಅವನಿಗೆ ದುಃಖ ಉಕ್ಕಿ ಬಂತು. ಊರು ಹೋದರೆ ಹೋಗಲಿ ಎನ್ನಿಸಿತು.

ಅವನು ಎದ್ದು ನಿಂತ. ಬಾಂಗು ಕೂಗಲು ಕಟ್ಟೆಗೆ ಹತ್ತುತ್ತಾನೆ ಎಂದುಕೊಂಡರು ಜನ. ಅವನು ನೇರವಾಗಿ ಲಾಲೇಸಾಬನ ಮುಂದೆ ಹೋಗಿ ನಿಂತ.

"ಅವತ್ತ ಇವ ನನ್ನ ಕೇಳಿ ಬಾಂಗು ಕೂಗಿದ" ಎಂದ, ಎಲ್ಲರಿಗೂ ಕೇಳುವಂತೆ. "ಹೊತ್ತು ಮುಳುಗಿತೇನು ಅಂದ. ನಾ ಸರಿಯಾಗಿ ನೋಡಲಾರದ ಗೋಣು ಹಾಕಿದ್ನಿ. ನಿಮ್ಮ ರೋಜಾ ಕೆಡಿಸಿದವ ನಾನು. ಕೆಡಿಸಿ ಇವನ ಮ್ಯಾಲೆ ಹಾಕಿದ್ನಿ. ಇವ ನನ್ನ ಹೆಸರ ಹೇಳಲಿಲ್ಲ."

ಜನ ಪಟೇಲರ ಕಡೆ ತಿರುಗಿ ನೋಡಿದರು.

ಮೌಲಾಲಿ ಲಾಲೇಸಾಬನ ಕಣ್ಣಿಗೆ ಕಣ್ಣು ಕೊಟ್ಟ. "ಅಸ್ಸಲಾಮು ಅಲೈಕುಮ್, ಲಾಲ್ಯಾ." ದನಿ ಅರ್ಧಕ್ಕೇ ಒಡೆಯಿತು.

ಲಾಲೇಸಾಬ ಎದ್ದು ಅವನ ಎರಡೂ ಕೈ ಹಿಡಿದುಕೊಂಡ.

"ವಾಲೈಕುಮ್ ಸಲಾಂ. ಅಳಬ್ಯಾಡೋ, ಮಂದಿ ಹಸಗೊಂಡು ಕುಂತಾರ. ಹೊತ್ತು ಮುಳುಗಾಕ ಬಂತು."

ಗಂಟನ್ನು ಮೌಲಾಲಿಯ ಕೈಗೆ ಕೊಟ್ಟು ಕಟ್ಟೆ ಹತ್ತಿದ. ಈ ಸಲ ಯಾರನ್ನೂ ಕೇಳಲಿಲ್ಲ. ಸೂರ್ಯ ಪೂರ್ತಿ ಮುಳುಗುವವರೆಗೂ ನೋಡಿ, ಆಮೇಲೂ ಒಂದು ಗಳಿಗೆ ನಿಂತು, ಬಾಂಗು ಕೂಗಿದ. ಅಷ್ಟು ದಿನ ಮುಚ್ಚಿಟ್ಟ ದನಿಯೆಲ್ಲ ಅದರಲ್ಲಿತ್ತು. ಮೌಲಾಲಿ ಗಂಟನ್ನು ಎದೆಗೊತ್ತಿಕೊಂಡು ಕೇಳಿದ.

ಜೈತುನಬಿ ಅವನ ಕೈಗೊಂದು ಖರ್ಜೂರ ತುರುಕಿದಳು. "ತಿನ್ನಪಾ. ಮುಗೀತಲ್ಲ ನಿಂದು."

ಎಲ್ಲರೂ ನಕ್ಕರು, ಪಟೇಲರು ಮಾತ್ರ ನಗಲಿಲ್ಲ. ನೀರು ಕುಡಿದು, ಬಾಯಿ ಒರೆಸಿಕೊಂಡು, ಹಜರತರ ಹತ್ತಿರ ಸರಿದರು.

"ಸಿಟ್ಟಿಗೇಳಬ್ಯಾಡ್ರಿ ಹಜರತ್. ನನಗ್ಯಾಕೋ ಮನಸ್ಸು ಒಪ್ಪವಲ್ದು. ಮಾಡಿದ ತಪ್ಪು ಇನ್ನೊಬ್ಬನ ಮ್ಯಾಲೆ ಹಾಕಿದವನ ಹಿಂದ ನಿಂತು ನಾವು ಹೆಂಗ ನಮಾಜು ಮಾಡೂದು? ತಪ್ಪ ಮಾಡಲಾರದವ ಯಾರಾದ್ರೂ ಇದ್ರ ಕೊಡ್ರಿ, ಕರಕೊಂಡು ಹೋಗ್ತೀನಿ."

ಮೌಲಾಲಿ ತಲೆ ತಗ್ಗಿಸಿದ. ಲಾಲೇಸಾಬ ಕಟ್ಟೆಯ ಮೇಲೇ ನಿಂತುಬಿಟ್ಟ.

ಹಜರತರು ಖರ್ಜೂರದ ಬೀಜವನ್ನು ಬದಿಗಿಟ್ಟರು. ಮಸೀದಿಯೊಳಗೆ, ಇಮಾಮನ ಮುಂದಿರುವ ಪಡುವಣದ ಗೋಡೆಯ ಕಡೆ ಕೈ ತೋರಿಸಿದರು.

"ಹಂಗಾದ್ರ ಆ ಗ್ವಾಡಿ ಒಯ್ಯಿರಿ ಪಟೇಲ್ರೇ. ಅದು ಹುಟ್ಟಿದಾಗಿಂದ ಒಂದು ತಪ್ಪು ಮಾಡಿಲ್ಲ. ಸಲಾಮು ಹೇಳಾಕ ಮಾತ್ರ ಅದಕ್ಕ ಬರೂದಿಲ್ಲ."